ಬೂದಿ, ಹೊಲೆ, ಚಿನ್ನ: ಬೂದಿಕೋಟೆ ಸೀಮೆಯ ಕ್ರೈಸ್ತರ ‘ಪರಿಶುದ್ಧ’ದ ಬಗ್ಗೆ ಒಂದು ಟಿಪ್ಪಣಿ

ಬಂಗಾರಪೇಟೆಯ ಹೆಸರು ಬಂಗಾರದಿಂದ ಬಂದದ್ದಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಹುಟ್ಟಿತು. ಅದು ಜನರ ಬಾಯಲ್ಲಿ ಬಂಗಾರಪೇಟೆಯಾಯಿತು. ಪಕ್ಕದಲ್ಲೇ ಚಿನ್ನದ ಗಣಿ ಇದ್ದದ್ದರಿಂದ ಹೆಸರು ಗಟ್ಟಿಯಾಗಿ ನಿಂತಿತು. ಅದೇ ತಾಲ್ಲೂಕಿನ ಬೂದಿಕೋಟೆಯ ಹೆಸರಿನಲ್ಲಾದರೆ ಬೂದಿ ನಿಜವಾಗಿಯೂ ಇದೆ. ವಿಭೂತಿಪುರ ಎಂದೂ ಕರೆಯುವ ಈ ಊರಿಗೆ ಋಷಿಗಳ ಯಜ್ಞದ ಬೂದಿಯಿಂದ ಹೆಸರು ಬಂತೆಂದು ಊರವರು ಹೇಳುತ್ತಾರೆ. ಹೊರಗಿನವರಿಗೆ ಇದು ಹೈದರ್ ಅಲಿ ಹುಟ್ಟಿದ ಊರೆಂದೇ ಪರಿಚಯ. ಮಾರ್ಕಂಡೇಯ ಜಲಾಶಯ ನೋಡಲು ಬರುವವರೂ ಕೋಟೆಯ ಕಲ್ಲುಗಳನ್ನು ನೋಡಿ ಹೋಗುತ್ತಾರೆ.

ಈ ಟಿಪ್ಪಣಿಯ ವಿಷಯ ಬೇರೆ. ಬೂದಿಕೋಟೆ, ಬಂಗಾರಪೇಟೆ, ಕೆಜಿಎಫ್ ಈ ಮೂರರ ನಡುವಿನ ಸೀಮೆಯಲ್ಲಿ ಕ್ರೈಸ್ತರು ‘ಪರಿಶುದ್ಧ’ ಎಂಬ ಮಾತಿಗೆ ಏನು ಅರ್ಥ ಕೊಟ್ಟುಕೊಂಡರು, ಆ ಅರ್ಥವನ್ನು ಉಡುಗೆ, ಊಟ, ಆರಾಧನೆಗಳಲ್ಲಿ ಹೇಗೆ ಬದುಕಿದರು ಎಂಬುದನ್ನು ಇಲ್ಲಿ ಕೆದಕಿದ್ದೇನೆ. ನನ್ನ ವಾದ ಇಷ್ಟು: ಮುಟ್ಟಿದರೆ ಮೈಲಿಗೆಯಾಗುತ್ತದೆ ಎಂಬ ನಂಬಿಕೆಯ ನಡುವೆ ಬದುಕಿದ ಜನಕ್ಕೆ, ಅಶುದ್ಧಿ ಹುಟ್ಟಿನಿಂದ ಬರುವುದಿಲ್ಲ, ನಡತೆಯಿಂದ ಬರುತ್ತದೆ ಎಂಬ ಮಾತು ಬಿಡುಗಡೆಯ ಮಾತಾಗಿತ್ತು. ಇದನ್ನು ಮರೆತು ಇಲ್ಲಿನ ಕ್ರೈಸ್ತರ ಬಿಳಿಬಟ್ಟೆ, ಉಪವಾಸ, ಒಡವೆ ತ್ಯಾಗಗಳನ್ನು ಬರೀ ಪರದೇಶದ ಕಟ್ಟುಪಾಡು ಎಂದರೆ ಅರ್ಧ ಚರಿತ್ರೆಯನ್ನೇ ಕೈಬಿಟ್ಟಂತಾಗುತ್ತದೆ.

ಮೊದಲು ಬೂದಿಯ ಮಾತು. 18ನೆಯ ಶತಮಾನದ ಆರಂಭದಲ್ಲಿ ಪುದುಚೇರಿಯಿಂದ ಹೊರಟ ಫ್ರೆಂಚ್ ಜೆಸ್ವಿಟರು ‘ಕರ್ನಾಟಿಕ್ ಮಿಷನ್’ ಕಟ್ಟಿದರು. ಪುಂಗನೂರು, ಚಿಕ್ಕಬಳ್ಳಾಪುರಗಳು ಅವರ ಸಂಚಾರದ ಊರುಗಳು. ಕೋಲಾರ ಸೀಮೆ ಅವೆರಡರ ನಡುವೆ ಬರುತ್ತದೆ. ಈ ಪಾದ್ರಿಗಳು ಸಂನ್ಯಾಸಿಗಳಂತೆ ಉಡುತ್ತಿದ್ದರು, ಮಾಂಸ ಮುಟ್ಟುತ್ತಿರಲಿಲ್ಲ. ನೂರು ವರ್ಷ ಹಿಂದೆ ಮದುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿದ ದಾರಿ ಇದು. ಪರಂಗಿಗಳು ಗೋಮಾಂಸ ತಿನ್ನುವವರು, ಕುಡಿಯುವವರು, ಹೊಲಸು ಜನ ಎಂಬ ಅಭಿಪ್ರಾಯ ಊರೂರಲ್ಲಿ ಹರಡಿದ್ದ ಕಾಲದಲ್ಲಿ, ಕ್ರಿಸ್ತನ ಮಾತನ್ನು ಕೇಳಿಸಬೇಕಾದರೆ ಕೇಳಿಸುವವನ ಮೈ, ಊಟ, ಉಡುಗೆ ಶುದ್ಧವಾಗಿ ಕಾಣಬೇಕಿತ್ತು.

ಈ ಶುದ್ಧಿಗೆ ತೆತ್ತ ಬೆಲೆ ದೊಡ್ಡದು. ಮೇಲ್ಜಾತಿಯವರ ಕಣ್ಣಿಗೆ ಶುದ್ಧನಾಗಿ ಕಾಣಬೇಕಾದ ಗುರು ಹೊರಕೇರಿಯ ಗುಡಿಸಲಿಗೆ ಕಾಲಿಡುವಂತಿರಲಿಲ್ಲ. ಸಾಯುವ ಸ್ಥಿತಿಯಲ್ಲಿರುವ ಪರೆಯ ಕ್ರೈಸ್ತನನ್ನು ಹೊರಗೆ ಎತ್ತಿ ತಂದು ಅಂತ್ಯ ಸಂಸ್ಕಾರ ಕೊಡುವ ರೂಢಿ ಬಿತ್ತು. ಇದರ ಮೇಲೆ ರೋಮಿಗೆ ದೂರು ಹೋಯಿತು. ಪೋಪರ ಪ್ರತಿನಿಧಿಯಾಗಿ ಬಂದ ಟೂರ್ನೋನ್ 1704ರಲ್ಲಿ ಪುದುಚೇರಿಯಲ್ಲಿ ಹೊರಡಿಸಿದ ಆಜ್ಞೆಯನ್ನು ಕನ್ನಡದ ಓದುಗರು ಒಮ್ಮೆ ಗಮನವಿಟ್ಟು ನೋಡಬೇಕು, ಏಕೆಂದರೆ ಅದರಲ್ಲಿ ಮಡಿ ಮೈಲಿಗೆಯ ಕಡತವೇ ಇದೆ. ಮುಟ್ಟಾದ ಹೆಂಗಸನ್ನು ಪಾಪನಿವೇದನೆಯಿಂದ ದೂರವಿಡಬಾರದು. ಹುಡುಗಿ ಮೈನೆರೆದದ್ದನ್ನು ಹಬ್ಬ ಮಾಡಬಾರದು. ಸ್ನಾನವನ್ನು ಮೈ ತೊಳೆಯಲು ಮಾಡಬಹುದು, ಮಡಿಯ ಕ್ರಮದಂತೆ ಮಾಡಬಾರದು. ಕಾಯಿಲೆ ಬಿದ್ದ ಪರೆಯರನ್ನು ಅವರ ಮನೆಗೇ ಹೋಗಿ ನೋಡಬೇಕು. ಹಣೆಗೆ, ಎದೆಗೆ ಸಗಣಿಯ ಬೂದಿ ಬಳಿಯಬಾರದು. 1744ರಲ್ಲಿ ಪೋಪ್ 14ನೆಯ ಬೆನೆಡಿಕ್ಟ್ ಈ ತೀರ್ಪನ್ನು ಖಾಯಂ ಮಾಡಿದರು. ಇಂಡಿಯಾಕ್ಕೆ ಬರುವ ಪಾದ್ರಿಗಳು ಇದಕ್ಕೆ ಬದ್ಧರಾಗಿ ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣವನ್ನು ತೆಗೆದುಹಾಕಿದ್ದು 1940ರಲ್ಲಿ.

ಈ ಆಜ್ಞೆಯಲ್ಲಿ ಎರಡು ಬಗೆಯ ಮನಸ್ಸು ಬೆರೆತಿದೆ. ಬೂದಿಯನ್ನು ಬೇಡವೆಂದದ್ದು ನಾಡಿನ ಆಚಾರವನ್ನು ಅರಿಯದ ಪರದೇಶಿಯ ಅವಸರ. ಪರೆಯರ ಗುಡಿಸಲಿಗೆ ಹೋಗಿ ಎಂದದ್ದು, ಮುಟ್ಟಾದವಳನ್ನು ದೂಡಬೇಡಿ ಎಂದದ್ದು, ಸುವಾರ್ತೆಯ ತಿರುಳನ್ನೇ ಹಿಡಿದ ಮಾತು. ಒಂದೇ ಕಾಗದದಲ್ಲಿ ಎರಡೂ ಬಂದದ್ದರಿಂದ ವಿದ್ವಾಂಸರು ಟೂರ್ನೋನನನ್ನು ಪೂರ್ತಿ ಹೊಗಳಲಾರದೆ, ಪೂರ್ತಿ ತೆಗಳಲಾರದೆ ಬಂದಿದ್ದಾರೆ. ನನಗೆ ಕಾಣುವಂತೆ ಎರಡನೆಯದರ ತೂಕ ಹೆಚ್ಚು.

ಬೂದಿ ಮಾತ್ರ ಹೋಗಲಿಲ್ಲ. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ತಪಸ್ಸುಕಾಲದ ಮೊದಲ ದಿನ ಹಣೆಗಿಡುವುದು ಕಥೋಲಿಕರ ಹಳೆಯ ಪದ್ಧತಿ. ಆ ದಿನಕ್ಕೆ ಕನ್ನಡ ಕಥೋಲಿಕರು ಇಟ್ಟುಕೊಂಡ ಹೆಸರು ‘ವಿಭೂತಿ ಬುಧವಾರ’. ರೋಮು ಒರೆಸು ಎಂದ ಬೂದಿಯ ಹೆಸರನ್ನೇ ಈ ನಾಡಿನ ಭಕ್ತರು ರೋಮಿನ ಹಬ್ಬಕ್ಕೆ ಇಟ್ಟರು. ವೀರಶೈವರಿಗೆ ವಿಭೂತಿ ಅಷ್ಟಾವರಣಗಳಲ್ಲೊಂದು. ಕಥೋಲಿಕರಿಗೆ ಅದು ಮಣ್ಣಾಗುವ ದೇಹದ ನೆನಪು, ಪಶ್ಚಾತ್ತಾಪದ ಗುರುತು. ನಮ್ಮ ಅಜ್ಜಿಯರಿಗೆ ಬೂದಿ ಎಂದರೆ ಹಿತ್ತಲಿನಲ್ಲಿ ಪಾತ್ರೆ ಬೆಳಗುವ ಪುಡಿ. ಮೂರರಲ್ಲೂ ಬೂದಿ ತೊಳೆಯುವ ವಸ್ತುವೇ. ಬೂದಿಕೋಟೆಯ ಹೆಸರು ಹೊತ್ತ ಸೀಮೆಯಲ್ಲಿ ಶುದ್ಧಿಯ ಚರ್ಚೆಯನ್ನು ಇಲ್ಲಿಂದ ಶುರುಮಾಡಿದ್ದು ಈ ಕಾರಣಕ್ಕೆ.

ಈಗ ಪದಗಳಿಗೆ ಬರೋಣ. ಈ ಟಿಪ್ಪಣಿಯ ಮುಖ್ಯ ಸಾಕ್ಷ್ಯ ಇಲ್ಲಿದೆ.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡ ಅನುವಾದದಿಂದ ಕನ್ನಡ ಬೈಬಲ್ ಪೂರ್ತಿಯಾಗಿ ಹೊರಬಂದದ್ದು 1831ರಲ್ಲಿ. ಆಮೇಲೆ ಅದು ಹಲವು ಸಲ ಪರಿಷ್ಕಾರಗೊಂಡಿತು. ದೇವರ ಗುಣವನ್ನು ಹೇಳಲು ಒಂದು ಕನ್ನಡ ಪದ ಬೇಕಿತ್ತು. ಜನರ ಬಾಯಲ್ಲಿ ಶುದ್ಧಿಗೆ ಇದ್ದ ಪದ ‘ಮಡಿ’. ಅನುವಾದಕರು ಅದನ್ನು ದೇವರಿಗೆ ಬಳಸಲಿಲ್ಲ. ‘ಪರಿಶುದ್ಧ’, ‘ಪವಿತ್ರ’ ಎಂಬ ಸಂಸ್ಕೃತ ಪದಗಳನ್ನು ಆಯ್ದರು. ಮಡಿಯೆಂದರೆ ಒಗೆದು ಯಾರೂ ಮುಟ್ಟದಂತೆ ಒಣಗಿಸಿದ ಬಟ್ಟೆ, ಅದನ್ನು ಉಟ್ಟವನ ಸ್ಥಿತಿ. ಅದು ಮುಟ್ಟಿದರೆ ಹೋಗುತ್ತದೆ. ಬೈಬಲಿನ ದೇವರ ಪರಿಶುದ್ಧತೆ ಮುಟ್ಟಿದರೆ ಹೋಗುವಂಥದಲ್ಲ. ಕುಷ್ಠರೋಗಿಯನ್ನು ಯೇಸು ಮುಟ್ಟಿದಾಗ ರೋಗಿ ಶುದ್ಧನಾದನೇ ಹೊರತು ಯೇಸು ಅಶುದ್ಧನಾಗಲಿಲ್ಲ. ‘ಮಡಿ’ಯನ್ನು ಕೈಬಿಟ್ಟದ್ದು ಸರಿಯಾದ ಆಯ್ಕೆ.

ಆದರೂ ‘ಮಡಿ’ ಒಂದು ಕಡೆ ಉಳಿಯಿತು. ನಾರಗಸೆಯ ನೂಲಿನ ನಯವಾದ ಬಟ್ಟೆಗೆ ಸತ್ಯವೇದ ಬಳಸುವ ಪದ ‘ನಾರುಮಡಿ’. ಪ್ರಕಟಣೆ ಗ್ರಂಥದ 19ನೆಯ ಅಧ್ಯಾಯದಲ್ಲಿ ಮದಲಗಿತ್ತಿಗೆ ಉಡಿಸುವುದು ಇದನ್ನೇ, ಮತ್ತು ಆ ನಾರುಮಡಿ ಎಂದರೆ ದೇವಜನರ ನೀತಿಯ ಕೆಲಸಗಳು ಎಂದು ಗ್ರಂಥವೇ ಅಲ್ಲಿ ಬಿಡಿಸಿ ಹೇಳುತ್ತದೆ. ಮಡಿಬಟ್ಟೆ ಕೆಲಸವಾಗಿ ಮಾರ್ಪಟ್ಟ ಈ ಒಂದು ಜಾಗವನ್ನು ನಾನು ಓದುವಾಗಲೆಲ್ಲ ನಿಲ್ಲುತ್ತೇನೆ.

ಇನ್ನೂ ದೊಡ್ಡ ಸಂಗತಿ ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿದೆ. ಹಸಿದ ಪೇತ್ರನಿಗೆ ಆಕಾಶದಿಂದ ಜೋಳಿಗೆಯಂತೆ ಇಳಿದು ಬಂದ ಬಟ್ಟೆಯಲ್ಲಿ ಎಲ್ಲ ಬಗೆಯ ಪ್ರಾಣಿಗಳು ಕಾಣುತ್ತವೆ, ತಿನ್ನು ಎಂಬ ಅಪ್ಪಣೆಯಾಗುತ್ತದೆ, ಅವನು ಒಲ್ಲೆನೆನ್ನುತ್ತಾನೆ. ತಾನು ಎಂದೂ ತಿನ್ನದ ಪದಾರ್ಥಕ್ಕೆ ಪೇತ್ರ ಕೊಡುವ ವಿಶೇಷಣ ಕನ್ನಡ ಸತ್ಯವೇದದಲ್ಲಿ ‘ಹೊಲೆ’. 28ನೆಯ ವಚನದಲ್ಲಿ, ರೋಮಿನ ಸೈನ್ಯಾಧಿಕಾರಿಯ ಮನೆಯೊಳಗೆ ನಿಂತು, ಅದೇ ಪೇತ್ರ ಅದೇ ಪದವನ್ನು ಮನುಷ್ಯರಿಗೆ ಹಚ್ಚಿ, ಯಾರನ್ನೂ ಹಾಗೆ ಕರೆಯಬಾರದೆಂದು ದೇವರು ತನಗೆ ತೋರಿಸಿದ್ದಾನೆ ಎನ್ನುತ್ತಾನೆ.

‘ಹೊಲೆ’ ಸಾಮಾನ್ಯ ಪದವಲ್ಲ. ಕಿಟ್ಟೆಲರ 1894ರ ನಿಘಂಟಿನಲ್ಲಿ ಅಶುದ್ಧಿ, ಮುಟ್ಟು ಎಂಬ ಅರ್ಥಗಳು ಅದಕ್ಕಿವೆ. 12ನೆಯ ಶತಮಾನದಲ್ಲಿ ವಚನಕಾರರು ಇದೇ ಪದವನ್ನು ಹಿಡಿದು, ಹೊಲೆಯಿಲ್ಲದೆ ಯಾವ ದೇಹವೂ ಹುಟ್ಟದಿರುವಾಗ ಕುಲದ ಮಾತೇಕೆ ಎಂದು ಕೇಳಿದ್ದರು. ಒಂದು ದೊಡ್ಡ ಜಾತಿಯ ಹೆಸರೇ ಈ ಪದದ ಜೊತೆ ತಳುಕು ಹಾಕಿಕೊಂಡಿದೆ. ಆ ಹೆಸರು ‘ಹೊಲ’ದಿಂದ ಬಂತೆನ್ನುವವರೂ ಇದ್ದಾರೆ, ಆದರೆ ಊರಿನವರ ಕಿವಿಗೆ ಕೇಳಿಸುತ್ತಿದ್ದದ್ದು ಅಶುದ್ಧಿಯೇ. ಆ ಜಾತಿಯಲ್ಲಿ ಹುಟ್ಟಿ, ಅಕ್ಷರ ಕಲಿತು, ಸಭೆಯಲ್ಲಿ ಎದ್ದುನಿಂತು ಈ ಅಧ್ಯಾಯವನ್ನು ಗಟ್ಟಿಯಾಗಿ ಓದುವ ಕನ್ನಡ ಕ್ರೈಸ್ತನಿಗೆ ಆ ಪದ ಬಾಯಿಗೆ ಬಂದಾಗ ಏನಾಗಬೇಕು? ತನ್ನನ್ನು ಊರು ಕರೆದ ಹೆಸರನ್ನು ದೇವರು ತಳ್ಳಿಹಾಕುವುದನ್ನು ಅವನು ತನ್ನ ಬಾಯಿಂದಲೇ ಓದುತ್ತಾನೆ.

ಬಂಗಾರಪೇಟೆಯಲ್ಲಿ ಮೂರು ಭಾಷೆಗಳು ಒಂದೇ ಬೀದಿಯಲ್ಲಿ ನಡೆಯುತ್ತವೆ. ಹಾಗಾಗಿ ಉಳಿದೆರಡು ಬೈಬಲುಗಳನ್ನೂ ತೆಗೆದು ನೋಡಿದೆ. ತಮಿಳಿನಲ್ಲಿ ಇದೇ ಜಾಗದಲ್ಲಿರುವುದು ‘ತೀಟ್ಟು’: ಮುಟ್ಟು, ಸೂತಕ, ಅಸ್ಪೃಶ್ಯತೆ ಮೂರನ್ನೂ ಒಳಗೊಳ್ಳುವ ಪದ. ತೆಲುಗಿನಲ್ಲಿ ‘ನಿಷಿದ್ಧ’, ಅಂದರೆ ಶಾಸ್ತ್ರ ಬೇಡವೆಂದದ್ದು. ತೆಲುಗಿನ ಪದ ಪುಸ್ತಕದ್ದು. ಕನ್ನಡ ಮತ್ತು ತಮಿಳಿನ ಪದಗಳು ಕೇರಿಯವು. ಗಣಿಯ ತಮಿಳು ಕೂಲಿಗೂ ಬೂದಿಕೋಟೆಯ ಕನ್ನಡ ಕೂಲಿಗೂ ಪೇತ್ರನ ದರ್ಶನ ನೇರವಾಗಿ ಚುಚ್ಚಿತು ಎನ್ನಲು ಈ ಪದಗಳೇ ಆಧಾರ. ‘ಪರಿಶುದ್ಧ’ ಎಂಬುದಾದರೋ ಅಷ್ಟಿಷ್ಟು ಉಚ್ಚಾರ ಬದಲಾಗಿ ಮೂರೂ ಭಾಷೆಗಳಲ್ಲಿ ಒಂದೇ. ಮೂರು ಭಾಷೆಯವರು ಕೂಡಿ ಪ್ರಾರ್ಥಿಸುವಾಗ ಎಲ್ಲರಿಗೂ ತಿಳಿಯುವ ಮಾತು ಅದು.

ಮುಂದಿನದು ಚಿನ್ನ. ಕೋಲಾರದಲ್ಲಿ ಪ್ರೊಟೆಸ್ಟೆಂಟ್ ಕೆಲಸ ಬೇರೂರಿದ್ದು 1876–78ರ ದೊಡ್ಡ ಬರದ ಕಾಲದಲ್ಲಿ. ಲಂಡನ್ ಮಿಷನ್ನಿನಿಂದ ಬಂದಿದ್ದ ಮಿಸ್ ಆ್ಯನ್‌ಸ್ಟಿ ಬರದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಸಾಕಿದರು. 1890ರಲ್ಲಿ ಅವರು ತಮ್ಮ ಮಿಷನ್ನನ್ನು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದರು. 1910ರಲ್ಲಿ ಬಾಗಿಲು ತೆರೆದ ಇಟಿಸಿಎಂ ಆಸ್ಪತ್ರೆ ಈ ಸಭೆಯದೇ. ಕೋಲಾರದವರಿಗೆ ಅದನ್ನು ಪರಿಚಯಿಸಬೇಕಿಲ್ಲ. ಈ ಸಭೆ ದಕ್ಷಿಣ ಭಾರತಕ್ಕೆ ಬಂದದ್ದು ವಿಲಿಯಂ ಟೇಲರ್ ಮೂಲಕ. ಅವರು 1874ರಲ್ಲಿ ಬೆಂಗಳೂರಿನಲ್ಲಿ ಸಾರಿದ್ದು, ಮನುಷ್ಯ ಈ ಬದುಕಿನಲ್ಲೇ ಪೂರ್ತಿಯಾಗಿ ಪರಿಶುದ್ಧನಾಗಬಲ್ಲ ಎಂಬ, ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಬೋಧನೆಯನ್ನು. ಇಂದಿಗೂ ಮೆಥಡಿಸ್ಟ್ ಸಭೆಯಲ್ಲಿ ದೀಕ್ಷೆ ಪಡೆಯುವ ಬೋಧಕನಿಗೆ, ಈ ಜನ್ಮದಲ್ಲೇ ಪ್ರೀತಿಯಲ್ಲಿ ಪರಿಪೂರ್ಣನಾಗುವ ನಿರೀಕ್ಷೆ ಉಂಟೇ ಎಂದು ಕೇಳುವ ರೂಢಿಯಿದೆ. ಕೇಳುವ ಪ್ರಶ್ನೆ ಶುದ್ಧಿಯ ಬಗ್ಗೆ. ಅಳೆಯುವ ಮಾನ ಪ್ರೀತಿ.

ಆ ಸಭೆ ಕೋಲಾರಕ್ಕೆ ತಂದ ನಿಯಮಪುಸ್ತಕದಲ್ಲಿ ಜಾನ್ ವೆಸ್ಲಿ 1743ರಲ್ಲಿ ಬರೆದ ಸಾಮಾನ್ಯ ನಿಯಮಗಳಿದ್ದವು. ಕೇಡು ಮಾಡದಿರುವುದು, ಒಳ್ಳೆಯದು ಮಾಡುವುದು, ದೇವರು ನೇಮಿಸಿದ ಆರಾಧನೆ, ಪ್ರಾರ್ಥನೆ, ಉಪವಾಸಗಳನ್ನು ಬಿಡದಿರುವುದು, ಹೀಗೆ ಮೂರು ಭಾಗ. ಮೊದಲನೆಯದರಲ್ಲಿ ಒಂದು ಪಟ್ಟಿ ಇದೆ: ಕುಡಿತ, ಮದ್ಯದ ವ್ಯಾಪಾರ, ಭಾನುವಾರದ ಕೊಳ್ಳುಮಾರು, ಜಗಳ, ಅಣ್ಣತಮ್ಮಂದಿರ ವ್ಯಾಜ್ಯ, ಕೊಳ್ಳುವಾಗ ಮಾರುವಾಗ ಮಾತು ಬೆಳೆಸುವುದು, ಅನ್ಯಾಯದ ಬಡ್ಡಿ, ತೀರಿಸುವ ದಾರಿಯಿಲ್ಲದೆ ಮಾಡುವ ಸಾಲ. ಅದೇ ಪಟ್ಟಿಯಲ್ಲಿ ಚಿನ್ನ ಮತ್ತು ಬೆಲೆಬಾಳುವ ಉಡುಪು ತೊಡುವುದೂ ಇದೆ. ಉಡುಪಿನ ಬಗ್ಗೆ ವೆಸ್ಲಿ ಬೇರೆಯಾಗಿ ಒಂದು ಪ್ರಸಂಗವನ್ನೇ ಮಾಡಿದ್ದಾರೆ. ಅವರ ತರ್ಕ ಸರಳ: ಅಲಂಕಾರಕ್ಕೆ ಹೋದ ಹಣ ಬಡವನ ಅನ್ನದಿಂದ ಕಿತ್ತದ್ದು. 1 ಪೇತ್ರ 3:3 ಮತ್ತು 1 ತಿಮೊಥೆ 2:9 ಅದಕ್ಕೆ ಆಧಾರ.

ಈ ಪುಸ್ತಕ ಕೋಲಾರಕ್ಕೆ ಬಂದಾಗ ಅಲ್ಲಿಂದ 30 ಕಿಲೋಮೀಟರ್ ಆಸುಪಾಸಿನಲ್ಲಿ ಏನು ನಡೆಯುತ್ತಿತ್ತೆಂದು ನೆನೆಯಿರಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿತ್ತು. ಚಾಂಪಿಯನ್ ರೀಫ್, ಊರಿಗಾಂ, ಮೈಸೂರು, ನಂದಿದುರ್ಗ ಗಣಿಗಳಲ್ಲಿ ಬೆಣಚುಕಲ್ಲನ್ನು ಕುಟ್ಟಿ ಪುಡಿಮಾಡಿ, ಪಾದರಸ ಬಳಿದ ತಾಮ್ರದ ಹಲಗೆಗಳ ಮೇಲೆ ಹರಿಸಿ, ಉಳಿದ ಕೆಸರಿನಿಂದ ಸೈನೈಡಿನಲ್ಲಿ ಇನ್ನಷ್ಟು ಹಿಂಡಿ, ಕೊನೆಗೆ ಮೂಸೆಯಲ್ಲಿ ಕರಗಿಸಿ ಚಿನ್ನ ತೆಗೆಯುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಈ ನೆಲದಿಂದ ಹೊರಬಂದ ಚಿನ್ನ ಸುಮಾರು 800 ಟನ್ ಎಂಬ ಲೆಕ್ಕವಿದೆ. ಸೈನೈಡ್ ದಿಬ್ಬಗಳು ಇಂದಿಗೂ ಊರಿನ ನಡುವೆ ನಿಂತಿವೆ; ಗಾಳಿ ಬೀಸಿದಾಗ ಆ ಧೂಳು ಮನೆಯ ಪಾತ್ರೆಗಳ ಮೇಲೆ ಕೂರುತ್ತದೆ. ಪುಟಕ್ಕಿಟ್ಟ ಚಿನ್ನ ಎಂಬ ನಮ್ಮ ನುಡಿಗಟ್ಟನ್ನು ಪ್ರಸಂಗಪೀಠದಿಂದ ಹೇಳುವ ಬೋಧಕನಿಗೆ ಇಲ್ಲಿ ವಿವರಣೆ ಬೇಕಿರಲಿಲ್ಲ. ಮಲಾಕಿಯ ಪ್ರವಾದನೆಯಲ್ಲಿ ದೇವರನ್ನು ಅಕ್ಕಸಾಲಿಗನ ಬೆಂಕಿಗೂ ಅಗಸನ ಚೌಳಿಗೂ ಹೋಲಿಸಿದೆ. ಬೆಂಕಿ ಗಣಿಯವರಿಗೆ ಗೊತ್ತು, ಚೌಳು ಮಣ್ಣು ಕೋಲಾರದ ಕೆರೆಯಂಗಳದ ರೈತರಿಗೆ ಗೊತ್ತು.

ಗಣಿಯ ಕೂಲಿಗಳಲ್ಲಿ ಬಹುಪಾಲು ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತರು. ಒಂದೊಂದೇ ಕೋಣೆಯ ಕೂಲಿ ಲೈನುಗಳು, ಸಾರಾಯಿ, ಸಾಲ, ಗಿರವಿ ಅಂಗಡಿ ಅವರ ದಿನಚರಿ. ಇಲ್ಲಿ ನಡತೆಯ ಶುದ್ಧಿಯನ್ನು ಹಿಡಿದವರು ಕ್ರೈಸ್ತರಷ್ಟೇ ಅಲ್ಲ. ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಬಲವಾಗಿತ್ತು, ಅವರ ‘ತಮಿಳನ್’ ಪತ್ರಿಕೆಯನ್ನು ಗಣಿಯವರು ಓದುತ್ತಿದ್ದರು. ವೈಷ್ಣವ ಭಜನೆಯ ಕೂಟಗಳೂ ಇದ್ದವು. ಜಾನಕಿ ನಾಯರ್ ಅವರು ಮೈಸೂರು ಸೀಮೆಯ ಕಾರ್ಮಿಕರ ಬಗ್ಗೆ 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚಿತ್ರವನ್ನು ನೋಡಬಹುದು. ಕುಡಿತ ಬಿಡು, ಮಕ್ಕಳನ್ನು ಓದಿಸು, ಮೈ ಮನೆ ಚೊಕ್ಕಟವಾಗಿಡು ಎಂಬುದು ಇವರೆಲ್ಲರಿಗೂ ಸಮಾನ. ತಮ್ಮನ್ನು ಹುಟ್ಟಿನಿಂದ ಕೊಳಕರೆಂದ ಸಮಾಜಕ್ಕೆ ನಡತೆಯಿಂದ ಉತ್ತರ ಕೊಡುವ ಹಟ ಅದು. ಕ್ರೈಸ್ತರ ಪರಿಶುದ್ಧತೆಯ ಹುರುಪನ್ನು ಈ ಸಾಲಿನಲ್ಲಿಟ್ಟು ಓದಬೇಕು. ಬೋಸ್ಟನ್ನಿನಿಂದಲೋ ಲಂಡನ್ನಿನಿಂದಲೋ ಬಂದ ಕಾಗದಗಳಷ್ಟೇ ಸಾಲವು.

ಚಿನ್ನದ ನಿಯಮವನ್ನು ಮೆಥಡಿಸ್ಟರು ಪುಸ್ತಕದಲ್ಲಿಟ್ಟು ಕ್ರಮೇಣ ಸಡಿಲಿಸಿದರು. ಶಿಲುಬೆ ಕೋದ ತಾಳಿ ಅವರಲ್ಲಿ ಸಹಜ. ಅದನ್ನು ಅಕ್ಷರಶಃ ಹಿಡಿದವರು ಪೆಂತೆಕೊಸ್ತರು. ಅವರ ವಂಶವೂ ವೆಸ್ಲಿಯ ಪರಿಶುದ್ಧತೆಯ ಚಳವಳಿಯಿಂದಲೇ ಬಂದದ್ದು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನಲ್ಲಿ 1905ರಲ್ಲಿ ಉಜ್ಜೀವನ ಉಕ್ಕಿದಾಗ ಅವರ ಜೊತೆಗಿದ್ದ ಮಿನ್ನಿ ಏಬ್ರಮ್ಸ್ ಮೆಥಡಿಸ್ಟ್ ಸಭೆಯಿಂದ ಬಂದವರು. 1906ರ ಅಮೆರಿಕದ ಅಜೂಸಾ ಬೀದಿಯ ಪೆಂತೆಕೊಸ್ತ್ ಕೂಟಗಳ ಬಳಿಕ ಜಾರ್ಜ್ ಬರ್ಗ್ ಬೆಂಗಳೂರಿಗೆ ಬಂದರು. 1913ರಲ್ಲಿ ಬಂದ ರಾಬರ್ಟ್ ಕುಕ್ ದೊಡ್ಡಬಳ್ಳಾಪುರದಲ್ಲಿ ನೆಲೆನಿಂತು ಆಮೇಲೆ ತಿರುವಾಂಕೂರಿಗೆ ಹೋದರು. 1924ರಲ್ಲಿ ಸಿಲೋನಿನಲ್ಲಿ ಪಾಸ್ಟರ್ ಪಾಲ್ ಕಟ್ಟಿದ ಪೆಂತೆಕೊಸ್ತ್ ಮಿಷನ್ನಿನ ಸೇವಕರು ಮದುವೆಯಾಗದೆ, ಬಿಳಿ ಉಟ್ಟು, ಸಂಬಳವಿಲ್ಲದೆ, ಔಷಧ ಮುಟ್ಟದೆ ಬದುಕಿದರು. ತಮಿಳು ಸೀಮೆಯ ಪೆಂತೆಕೊಸ್ತ್ ಶಿಸ್ತಿನ ಮೇಲೆ ಅವರ ನೆರಳು ದೊಡ್ಡದು.

ಬೂದಿಕೋಟೆ ಹೋಬಳಿಯ ಒಂದು ಹಳ್ಳಿಯಲ್ಲಿ ನಾನು ಕಂಡ ಪೆಂತೆಕೊಸ್ತ್ ಸಭೆ ಶೀಟಿನ ಮಾಡಿನ ಉದ್ದನೆಯ ಕೋಣೆ. ಚಪ್ಪಲಿ ಹೊರಗೆ. ಒಂದೇ ಚಾಪೆಯ ಸಾಲು, ಎಡಕ್ಕೆ ಗಂಡಸರು, ಬಲಕ್ಕೆ ತಲೆಗೆ ಸೆರಗು ಹೊದ್ದ ಹೆಂಗಸರು. ಅಯ್ಯನವರು ಕನ್ನಡದಲ್ಲಿ ಒಂದು ವಾಕ್ಯ ಹೇಳಿದರೆ ಪಕ್ಕದಲ್ಲಿ ನಿಂತ ಯುವಕ ತೆಲುಗಿನಲ್ಲಿ ಹೇಳುತ್ತಾನೆ. ನನ್ನ ಮುಂದೆ ಕೂತಿದ್ದ ಅಜ್ಜಿಯ ಕಿವಿಗಳನ್ನು ನೋಡುತ್ತಿದ್ದೆ. ಓಲೆಯ ಭಾರಕ್ಕೆ ಜಗ್ಗಿ ಉದ್ದವಾದ ತೂತುಗಳು, ಒಳಗೆ ಏನೂ ಇಲ್ಲ. ಮೂಗಿನ ತೂತು ಮುಚ್ಚಿ ಕಪ್ಪು ಚುಕ್ಕೆಯಷ್ಟೇ ಉಳಿದಿತ್ತು. ಕತ್ತಿನಲ್ಲಿ ದಾರವೂ ಇಲ್ಲ. ಆರಾಧನೆ ಮುಗಿದ ಮೇಲೆ ಮಾತಾಡಿಸಿದೆ. ಅವರ ಮನೆಯವರು ಗಣಿಯಲ್ಲಿದ್ದರು. ಒಡವೆ ಯಾವಾಗ ತೆಗೆದಿರಿ ಎಂದು ಕೇಳಿದೆ.

“ದೀಕ್ಷಾಸ್ನಾನ ತಗಂಡ ವರ್ಸ ಸಾ. ಅದ್ಕೂ ಮುಂಚೆ ಎಲ್ಲಿತ್ತು ನನ್ ಕಿವ್ಯಾಗೆ? ಗಿರವಿ ಅಂಗ್ಡ್ಯಾಗೇ ಇರ್ತಿತ್ತು. ಇಕ್ಕೋದು, ಬಡ್ಡಿ ಕಟ್ಟೋದು, ಬುಡಿಸ್ಕಣಾದು. ಮಾರ್ಬುಟ್ಟು ಮಗೀಗೆ ಇಸ್ಕೂಲ್ ಫೀಜು ಕಟ್ಟುದ್ವಿ.”

ಬಟ್ಟಲಿನ ಬಗ್ಗೆ ಅವರೇ ಹೇಳಿದರು. ಚಿಕ್ಕಂದಿನಲ್ಲಿ ಹೋಟೆಲಿನ ಹೊರಗೆ ಚಿಪ್ಪಿನಲ್ಲಿ ಕಾಫಿ ಹುಯ್ಯಿಸಿಕೊಂಡದ್ದು, ಇಲ್ಲಿ ಎಲ್ಲರ ಜೊತೆ ಒಂದೇ ಬಟ್ಟಲಿನಿಂದ ಕರ್ತನ ಭೋಜನ ತೆಗೆದುಕೊಂಡ ಮೊದಲ ದಿನ ಕೈ ನಡುಗಿದ್ದು.

ಕ್ರೈಸ್ತರ ಶುದ್ಧಿಯ ಪರೀಕ್ಷೆ ಈ ಬಟ್ಟಲಿನಲ್ಲೇ ಇದೆ. ತಮಿಳುನಾಡಿನ ಹಳೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಜಾತಿಗೊಂದು ಸಾಲು, ಬಟ್ಟಲಿಗೆ ಮೊದಲು ಬಾಯಿಡುವ ಹಕ್ಕಿನ ಜಗಳ ಇದ್ದವು. ಸಭೆಯೊಳಗಿನ ಜಾತಿ ಕೂಡಲೇ ಕೊನೆಯಾಗಬೇಕೆಂದು ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಪತ್ರ ಬರೆದಾಗ ಅನೇಕರು ಸಭೆಯನ್ನೇ ಬಿಟ್ಟುಹೋದರು. ವೆಸ್ಲಿಯವರ ಪ್ರೇಮಭೋಜನದಲ್ಲಿ ರೊಟ್ಟಿಯನ್ನೂ ನೀರನ್ನೂ ಕೈಯಿಂದ ಕೈಗೆ ದಾಟಿಸುವ ಪದ್ಧತಿ ಇತ್ತು. ಇಂಗ್ಲೆಂಡಿನಲ್ಲಿ ಅದು ಸ್ನೇಹದ ಗುರುತಷ್ಟೇ. ನೀರು ಮುಟ್ಟಿಸಿಕೊಳ್ಳದ ನಮ್ಮ ನಾಡಿನಲ್ಲಿ ಅದೇ ಒಂದು ಲೋಟ ನೀರು ಹಳೆಯ ಮಡಿಯ ಬೇರಿಗೆ ಹಾಕಿದ ಕೊಡಲಿ.

ಹಾಗೆಂದು ಇಂದಿನ ಸಭೆಗಳ ಎಲ್ಲ ಕಟ್ಟುನಿಟ್ಟನ್ನೂ ನಾನು ಒಪ್ಪುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕಿವಿಗೆ ಸಣ್ಣ ರಿಂಗು ಹಾಕಿಕೊಂಡು ಬಂದಳೆಂದು ರೊಟ್ಟಿಯ ತಟ್ಟೆಯನ್ನು ಅವಳ ಮುಂದೆ ಹಿಡಿಯದೆ ದಾಟಿಸಿದ್ದನ್ನು ಒಂದು ಸಭೆಯಲ್ಲಿ ಕಂಡೆ. ಅವಳು ತಲೆತಗ್ಗಿಸಿ ಕೂತದ್ದು ಇನ್ನೂ ಕಣ್ಣ ಮುಂದಿದೆ. ಅಜ್ಜಿ ಒಡವೆ ತೆಗೆದದ್ದು ಗಿರವಿಯಿಂದ ಬಿಡುಗಡೆ. ಹುಡುಗಿಯ ಮುಂದೆ ತಟ್ಟೆ ದಾಟಿಸಿದ್ದು ಮೈಲಿಗೆ ಎಂದು ದೂರ ಸರಿದ ಹಳೆಯ ಊರಿನ ನಡೆ. ನಿಯಮ ಒಂದೇ ಆದರೂ ಮೊದಲನೆಯದನ್ನು ಪರಿಶುದ್ಧತೆ ಎನ್ನುತ್ತೇನೆ, ಎರಡನೆಯದನ್ನು ಎನ್ನಲಾರೆ. ಬಿಳಿ ಉಟ್ಟು ಸಾಕ್ಷಿ ಹೇಳಿದ ಹಿರಿಯರೇ ಮಗನ ಮದುವೆಯ ಮಾತು ಬಂದಾಗ ಹುಡುಗಿಯ ಜಾತಿ ಯಾವುದೆಂದು ಮೆಲ್ಲಗೆ ವಿಚಾರಿಸುವುದೂ ಉಂಟು. ಪೇತ್ರ ಕಂಡ ಬಟ್ಟೆ ಅಂಥ ಮನೆಗೆ ಇನ್ನೂ ಇಳಿದಿಲ್ಲ. ಮೆಥಡಿಸ್ಟರಾಗಲಿ, ಸಿಎಸ್‌ಐನವರಾಗಲಿ, ಕಥೋಲಿಕರಾಗಲಿ, ಪೆಂತೆಕೊಸ್ತರಾಗಲಿ ಈ ವಿಷಯದಲ್ಲಿ ಇನ್ನೊಬ್ಬರ ಕಡೆ ಬೆರಳು ತೋರಿಸುವಂತಿಲ್ಲ.

ಕೊನೆಯದಾಗಿ ಒಂದು ವಿನಂತಿ. ವೆಸ್ಲಿಯ ಕ್ರಮದಂತೆ ಸುಮಾರು 12 ಜನರ ಒಂದೊಂದು ‘ಕ್ಲಾಸ್’ ವಾರಕ್ಕೊಮ್ಮೆ ಕೂಡಿ ತಮ್ಮ ನಡತೆಯ ಲೆಕ್ಕ ಒಪ್ಪಿಸಬೇಕಿತ್ತು. ಅದರ ನಾಯಕರು ಹೆಸರು ಮತ್ತು ಹಾಜರಿ ಬರೆದಿಡುತ್ತಿದ್ದರು. ಅಂಥ ಕ್ಲಾಸ್ ಪುಸ್ತಕ, ಸಭಾ ನಡವಳಿ, ದೀಕ್ಷಾಸ್ನಾನದ ಪಟ್ಟಿ, ಅಂಚಿನಲ್ಲಿ ಟಿಪ್ಪಣಿ ಗೀಚಿದ ಅಜ್ಜಂದಿರ ಸತ್ಯವೇದ ಕೋಲಾರ, ಬಂಗಾರಪೇಟೆ, ಕೆಜಿಎಫ್, ಬೂದಿಕೋಟೆಯ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ, ಕನ್ನಡವಾಗಲಿ ತಮಿಳಾಗಲಿ ತೆಲುಗಾಗಲಿ, ಗೆದ್ದಲು ಮುಟ್ಟುವ ಮೊದಲು ಪುಟಪುಟವಾಗಿ ಫೋಟೋ ತೆಗೆಸಿ ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಮೂಲ ನಿಮ್ಮ ಮನೆಯಲ್ಲೇ ಇರಲಿ.